ಹೆಬ್ಬೆಟ್ಟಿಗೆ ಮೂರು ವಾರ

ಮುದುಕವ್ವನ ಹೆಬ್ಬೆರಳಿನಲ್ಲಿ ಗೆರೆ ಇಲ್ಲ. ಕೋರ್ಟಿಗೆ ಬೇಕಾದದ್ದು ಆ ಗೆರೆ. ಜಗಳ ಇಷ್ಟೇ.

ಗೆರೆ ಹೇಗೆ ಹೋಯಿತು ಎಂದು ನಾನು ಹೇಳಬಲ್ಲೆ. ಪಕ್ಕದಲ್ಲೇ ಇದ್ದೆ. ಮಹದೇವಪುರದ ಆಚೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆ ಇದೆ. ಅದರ ಕಕ್ಕಸುಗಳನ್ನು ತೊಳೆಯುತ್ತಿದ್ದವರು ನಾವು ಎಂಟು ಜನ. ಎಲ್ಲರೂ ರಾಯಚೂರು, ಯಾದಗಿರಿ ಕಡೆಯವರು. ಎಲ್ಲರೂ ಒಂದೇ ಕೇರಿಯಿಂದ ಬಂದವರು ಎಂದರೆ ಯಾವ ಕೇರಿ ಎಂದು ನಿಮಗೆ ತಿಳಿಯುತ್ತದೆ. ಬಂದ ಹೊಸದರಲ್ಲಿ ನಾನು ಕ್ಯಾಂಟೀನಿನಲ್ಲಿ ಕೆಲಸ ಕೇಳಿದ್ದೆ. ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಆಮೇಲೆ ಮೆಲ್ಲಗೆ ಇನ್ನೊಂದು ಕೇಳಿದರು. ಕೈಗೆ ಬಕೆಟ್ಟು ಕೊಟ್ಟರು.

ಬಕೆಟ್ಟಿನಲ್ಲಿ ಅರ್ಧ ಆಸಿಡ್, ಅರ್ಧ ನೀರು. ಹರಕು ಬಟ್ಟೆ ಅದ್ದಬೇಕು, ಉಜ್ಜಬೇಕು. ಬ್ರಷ್ಷು ಅಂಚಿನ ಒಳಗೆ ಹೋಗುವುದಿಲ್ಲ. ಬೆರಳು ಹೋಗುತ್ತದೆ. ಮೊದಲ ವಾರ ಉರಿ. ಎರಡನೇ ವಾರ ಸಿಪ್ಪೆ ಏಳುತ್ತದೆ. ಆಮೇಲೆ ಕೈಗೆ ಏನೂ ಗೊತ್ತಾಗುವುದಿಲ್ಲ, ಅನ್ನ ಕಲಸಿದರೆ ಬಿಸಿ ಕೂಡ ತಿಳಿಯುವುದಿಲ್ಲ. ಗ್ಲೌಸು ಒಂದೇ ಸಲ ಕೊಟ್ಟಿದ್ದರು. ಸ್ವಚ್ಛತೆಯ ಅಭಿಯಾನದ ದಿನ ಫೋಟೊ ಹಿಡಿಯಲು. ಫೋಟೊ ಮುಗಿದ ಮೇಲೆ ಎಣಿಸಿ ವಾಪಸ್ ಇಸಿದುಕೊಂಡರು.

ಮುದುಕವ್ವ ಹದಿನೇಳು ವರ್ಷ ಆ ಕೆಲಸ ಮಾಡಿದಳು. ನಮ್ಮಲ್ಲಿ ಎಲ್ಲರಿಗಿಂತ ಮೊದಲು ಬಂದವಳು. ನಮಗೆಲ್ಲ ದೊಡ್ಡವ್ವ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಗುತ್ತಿಗೆದಾರರು ನಾಲ್ಕು ಸಲ ಬದಲಾದರು, ಅವಳು ಬದಲಾಗಲಿಲ್ಲ. ಐದನೆಯವನು ಗೇಟಿನಲ್ಲಿ ಹಾಜರಿ ಮಿಷನ್ ಹಾಕಿಸಿದ. ಹೆಬ್ಬೆಟ್ಟು ಒತ್ತಿದರೆ ಹಸಿರು ದೀಪ. ನಮಗೆಲ್ಲ ಎರಡು ಮೂರು ಸಲ ಒತ್ತಿದ ಮೇಲೆ ಹಸಿರು ಬರುತ್ತಿತ್ತು. ಮುದುಕವ್ವನಿಗೆ ಕೆಂಪು. ಸೀರೆಗೆ ಒರೆಸಿ ಒತ್ತಿದಳು, ಎಂಜಲು ಹಚ್ಚಿ ಒತ್ತಿದಳು. ಕೆಂಪು. ಹಾಗೇ ಒಳಗೆ ಹೋಗಿ ಎರಡು ತಿಂಗಳು ಕಕ್ಕಸು ತೊಳೆದಳು. ಎರಡೂ ತಿಂಗಳ ಕೊನೆಗೆ ಸೂಪರ್‌ವೈಸರ್ ನಲ್ಲಪ್ಪ ಅವಳ ಹೆಸರಿನ ಮುಂದೆ ಸೊನ್ನೆ ತೋರಿಸಿದ. "ಮಿಷನ್ನೇ ನಿನ್ನ ತಗೊಳ್ತಿಲ್ಲ, ನಾನೆಂಗಮ್ಮ ತಗೊಳ್ಲಿ?" ಅಂದ. ಅದೇ ನಲ್ಲಪ್ಪ ದಿನಾ ಬೆಳಿಗ್ಗೆ ಅವಳಿಗೆ ಬಕೆಟ್ಟು ಎಣಿಸಿ ಕೊಡುತ್ತಿದ್ದ. ಮೂರನೇ ತಿಂಗಳು ಗೇಟಿನೊಳಗೇ ಬಿಡಲಿಲ್ಲ. ಪ್ರಶ್ನೆ ಕೇಳಿದ ನಮ್ಮನ್ನೂ ಒಬ್ಬೊಬ್ಬರನ್ನಾಗಿ ತೆಗೆದರು.

ಕಾರ್ಖಾನೆ ಕೇಂದ್ರದ್ದು, ಆದ್ದರಿಂದ ಕೇಸು ಕೂಡ ಕೇಂದ್ರದ ಕಾರ್ಮಿಕ ಕೋರ್ಟಿನಲ್ಲಿ ಎಂದು ಸಿದ್ಧಾರ್ಥ್ ಹೇಳಿದರು. ಅವರು ವಕೀಲರು. ಫೀಸು ಕೇಳದ, ಫೋನು ಎತ್ತುವ ವಕೀಲರು. ಮೊದಲು ಮುದುಕವ್ವನ ಕೇಸು ಹಾಕೋಣ, ಅದು ನಿಂತರೆ ಉಳಿದ ಏಳೂ ನಿಲ್ಲುತ್ತವೆ ಎಂದರು. ಹಾಕಿದೆವು.

ಕಂಪನಿಯವರ, ಅಂದರೆ ಕಾರ್ಖಾನೆಯವರ, ಉತ್ತರ ಬಂತು. ನನಗೆ ಎಸ್ಸೆಸ್ಸೆಲ್ಸಿ ಆಗಿದೆ, ಆದರೂ ಸಿದ್ಧಾರ್ಥ್ ಅದನ್ನು ಕನ್ನಡದಲ್ಲಿ ಹೇಳಿದ ಮೇಲೆಯೇ ಅರ್ಥವಾಯಿತು. ಈ ಹೆಂಗಸು ನಮ್ಮಲ್ಲಿ ಕೆಲಸ ಮಾಡಿಯೇ ಇಲ್ಲ. ಹಳೆಯ ರಿಜಿಸ್ಟರಿನಲ್ಲಿ ಮುದುಕವ್ವ ಎಂಬ ಹೆಸರಿದೆ, ನಿಜ. ಆ ಮುದುಕವ್ವ ಇವಳೇ ಎನ್ನುವುದಕ್ಕೆ ಸಾಕ್ಷಿ ಏನು?

ಹದಿನೇಳು ವರ್ಷ ಅವರ ಹೇಲು ತೊಳೆದವಳು ಇವಳಲ್ಲವಂತೆ. ಪಾಸು ತೋರಿಸೋಣ ಎಂದರೆ ಗೇಟಿನಲ್ಲಿ ಕಸಿದುಕೊಂಡಿದ್ದರು. ನಾವು ಏಳು ಜನ ಸಾಕ್ಷಿ ಹೇಳುತ್ತೇವೆ ಎಂದರೆ, ಕೆಲಸ ಕಳೆದುಕೊಂಡವರ ಮಾತು ನಂಬುವುದು ಹೇಗೆ ಎಂದರು.

ಒಂದೇ ದಾರಿ ಉಳಿದಿತ್ತು. ಮೊದಲ ವರ್ಷದ ರಿಜಿಸ್ಟರಿನಲ್ಲಿ ಅವಳ ಹೆಬ್ಬೆಟ್ಟು ಇತ್ತು. ಆಗ ಬೆರಳು ಚೆನ್ನಾಗಿತ್ತು, ಗೆರೆಗಳು ಅಚ್ಚುಕಟ್ಟಾಗಿ ಮೂಡಿದ್ದವು. ಅದಕ್ಕೂ ಈಗಿನ ಬೆರಳಿಗೂ ತಾಳೆ ಬಿದ್ದರೆ ಮುಗಿಯಿತು. ಆ ರಿಜಿಸ್ಟರ್ ತರಲು ಕಂಪನಿ ಎರಡು ವರ್ಷ ತೆಗೆದುಕೊಂಡಿತು. ಒಂದು ಸಲ ಫೈಲು ಸಿಕ್ಕಿಲ್ಲ ಎಂದರು. ಒಂದು ಸಲ ಬೀರುವಿನ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದಾರೆ ಎಂದರು. ಒಂದು ಸಲ ಅವರ ವಕೀಲರ ಮಗಳ ಮದುವೆ. ಹನ್ನೊಂದು ಸಲ ಟೈಮು ಕೇಳಿದರು, ಹನ್ನೊಂದು ಸಲವೂ ಸಿಕ್ಕಿತು. ಯಾರೂ ನಗಲಿಲ್ಲ.

ಕೊನೆಗೆ ರಿಜಿಸ್ಟರ್ ಬಂತು. ಬೆರಳಚ್ಚು ತಜ್ಞರು ಮುದುಕವ್ವನ ಬೆರಳಿಗೆ ಶಾಯಿ ಬಳಿದು ಒತ್ತಿಸಿಕೊಂಡರು. ಕಾಗದದ ಮೇಲೆ ಒಂದು ಕಪ್ಪು ಕಲೆ ಬಿತ್ತು. ಗೋಡೆಗೆ ಸಗಣಿ ತಟ್ಟಿದ ಹಾಗೆ, ಒಳಗೆ ಏನೂ ಇಲ್ಲ. ಹೋಲಿಸಲು ಯೋಗ್ಯವಲ್ಲ ಎಂದು ಬರೆದುಕೊಟ್ಟರು. ಆದರೆ ಅವರು ಒಳ್ಳೆಯ ಮನುಷ್ಯ. ಹೊರಗೆ ಬಂದು ಸಿದ್ಧಾರ್ಥ್‌ಗೆ ಒಂದು ಮಾತು ಹೇಳಿದರು. ಆಸಿಡ್, ಸೋಪು, ತಿಕ್ಕುವುದು ಎಲ್ಲ ಬಿಟ್ಟು ಕೈಯನ್ನು ಸುಮ್ಮನೆ ಇಟ್ಟರೆ ಗೆರೆ ಮತ್ತೆ ಬೆಳೆಯುತ್ತದೆ, ಗೆರೆಯ ಬೇರು ಚರ್ಮದ ಒಳಗಿದೆ ಎಂದರು.

ಸಿದ್ಧಾರ್ಥ್ ಕೋರ್ಟಿನಲ್ಲಿ ಅದನ್ನೇ ಹೇಳಿ ಸಮಯ ಕೇಳಿದರು. ನ್ಯಾಯಾಧೀಶ ಸಾಹೇಬರು ಆರು ವಾರ ಕೊಟ್ಟರು. ಇದೇ ಕೊನೆಯ ಅವಕಾಶ ಎಂದೂ ಬರೆಸಿದರು.

ಆರು ವಾರ ಕೈಯನ್ನು ಸುಮ್ಮನೆ ಇಡಬೇಕು. ಹೇಳುವುದು ಸುಲಭ. ಮುದುಕವ್ವ ಆಗ ಹೂಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮತ್ತದೇ ಕೆಲಸ ಮಾಡುತ್ತಿದ್ದಳು. ನಾವೂ ಅಲ್ಲೇ. ಒಂದು ದಿನ ಹೋಗದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಆಳು ಕಳಿಸುವ ಏಜೆನ್ಸಿಗೆ ತಲೆ ಎಣಿಕೆ ಸರಿ ಇದ್ದರೆ ಸಾಕು, ತಲೆ ಯಾರದಾದರೂ ನಡೆಯುತ್ತದೆ. ಇದನ್ನು ಮೊದಲು ಗಮನಿಸಿದವಳು ನಮ್ಮಲ್ಲೇ ಒಬ್ಬಳಾದ ಬಸಮ್ಮ. ನಾವು ಏಳು ಜನ, ನಮ್ಮ ವಾರದ ರಜೆ ಏಳು ಬೇರೆ ಬೇರೆ ದಿನ. ಒಬ್ಬೊಬ್ಬರು ನಮ್ಮ ನಮ್ಮ ರಜೆಯ ದಿನ ದೊಡ್ಡವ್ವನ ಬದಲಿಗೆ ಹೋಗೋಣ ಎಂದಳು.

ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಹೊಲ ಇದ್ದವರು ಕಳೆ ತೆಗೆಯಲು ಮುಯ್ಯಿ ಹೋಗುತ್ತಾರೆ. ನಮಗೆ ಹೊಲ ಇರಲಿಲ್ಲ. ಗುಡಿಸಲಿಗೆ ಹುಲ್ಲು ಹೊದಿಸಲು, ಗೋಡೆ ಎಬ್ಬಿಸಲು ಮುಯ್ಯಿ ಹೋಗುತ್ತಿದ್ದೆವು. ಇವತ್ತು ನಿನ್ನ ಮನೆಗೆ ನನ್ನ ಕೈ, ನಾಳೆ ನನ್ನ ಮನೆಗೆ ನಿನ್ನ ಕೈ. ಅದನ್ನು ದುಡ್ಡಿನಲ್ಲಿ ತೀರಿಸುವ ಹಾಗಿಲ್ಲ, ಕೈಯಿಂದಲೇ ತೀರಿಸಬೇಕು. ತೀರಿಸದೆ ಸತ್ತರೆ ಆ ಮನೆಯವರಿಗೆ ಕೇರಿಯಲ್ಲಿ ತಲೆ ಎತ್ತಲು ಆಗುತ್ತಿರಲಿಲ್ಲ.

ಆರು ವಾರ ನಮಗೆ ಯಾರಿಗೂ ರಜೆ ಇರಲಿಲ್ಲ. ಸೊಂಟ ಬಿದ್ದು ಹೋಯಿತು. ಮುದುಕವ್ವನನ್ನು ಶೀಟಿನ ಮನೆಯ ಬಾಗಿಲಲ್ಲಿ ಕೂರಿಸಿ, ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚಿ, ಹಳೆಯ ಧೋತಿಯ ಬಟ್ಟೆ ಸುತ್ತಿ ಹೋಗುತ್ತಿದ್ದೆವು. ಸಂಜೆ ಬಂದ ಕೂಡಲೇ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಎರಡನೇ ವಾರ ಬೆರಳಿನ ಅಂಚಿನಲ್ಲಿ ಗೆರೆ ಕಂಡಿತು. ಮೂರು, ನಾಲ್ಕು ತೆಳ್ಳನೆಯ ಗೆರೆ. ಬಸಮ್ಮ ಅತ್ತಳು. ಬೆಳೆ ಬಂತು ಬೇ, ಇನ್ನು ರಾಶಿ ಮಾಡೂದಷ್ಟ ಎಂದು ನಾನು ಗೇಲಿ ಮಾಡಿದೆ.

ಆಮೇಲೆ ಗೆರೆ ಮುಂದೆ ಹೋಗಲಿಲ್ಲ. ಮೂರನೇ ವಾರ ಅಷ್ಟೇ, ನಾಲ್ಕನೇ ವಾರ ಇನ್ನೂ ಕಡಿಮೆ. ವಯಸ್ಸಾಯಿತಲ್ಲ, ನಿಧಾನ ಎಂದುಕೊಂಡೆವು.

ಇನ್ನೊಂದು ವಿಷಯ ಆ ದಿನಗಳಲ್ಲಿ ನಡೆಯುತ್ತಿತ್ತು. ಸಂಜೆ ಬಂದರೆ ನನ್ನ ಮನೆಯ ಪಾತ್ರೆಗಳು ತೊಳೆದಿರುತ್ತಿದ್ದವು. ಮಗಳಿಗೆ ಬುದ್ಧಿ ಬಂತು ಎಂದು ಹೊಗಳಿದೆ. ಅವಳೂ ಸುಮ್ಮನೆ ಹೊಗಳಿಸಿಕೊಂಡಳು. ಬಸಮ್ಮ ತನ್ನ ಅತ್ತೆಗೆ ಬುದ್ಧಿ ಬಂತು ಎಂದುಕೊಂಡಿದ್ದಳು. ಅದು ಇನ್ನೂ ದೊಡ್ಡ ಆಶ್ಚರ್ಯ. ಏಳು ಮನೆಯಲ್ಲಿ ಏಳು ಜನಕ್ಕೆ ಒಟ್ಟಿಗೆ ಬುದ್ಧಿ ಬರುವುದಿಲ್ಲ ಎಂದು ನಮಗೆ ಹೊಳೆಯಲಿಲ್ಲ. ದಣಿದಿದ್ದೆವು.

ಐದನೇ ವಾರ ಒಂದು ದಿನ ನನಗೆ ಜ್ವರ. ಮಧ್ಯಾಹ್ನವೇ ವಾಪಸ್ ಬಂದೆ. ನಲ್ಲಿಯ ಹತ್ತಿರ ಮುದುಕವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ಸುತ್ತ ಏಳು ಮನೆಯ ಪಾತ್ರೆ. ಸೋಪಿನ ಪುಡಿ, ಬೂದಿ, ತೆಂಗಿನ ನಾರು. ನನ್ನ ರೊಟ್ಟಿಯ ಹಂಚನ್ನು ಗಸಗಸ ತಿಕ್ಕುತ್ತಿದ್ದಳು. ಹೆಬ್ಬೆರಳಿನ ಬಟ್ಟೆ ಪಕ್ಕದ ಕಲ್ಲಿನ ಮೇಲೆ ಒಣಗುತ್ತಿತ್ತು, ನಾವು ಬರುವ ಮೊದಲು ಮತ್ತೆ ಕಟ್ಟಿಕೊಳ್ಳಲು.

ನಾನು ಹಂಚು ಕಸಿದು ಎಸೆದೆ. ಬಾಯಿಗೆ ಬಂದ ಹಾಗೆ ಬೈದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಬೈಯಬಾರದಿತ್ತು. ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಏಳು ಮಂದಿ ನನ್ನ ಸಲುವಾಗಿ ದುಡಿಯಾಕ ಹತ್ತೀರಿ," ಅಂದಳು. "ನಾ ಕುಂತು ಉಣ್ಣಲೇನು ಮಾದೇವಿ? ಮುಯ್ಯಿ ಯಾವಾಗ ತೀರಸ್ಲಿ? ನಾ ಇನ್ನ ಎಷ್ಟ ವರ್ಷ ಇರತೀನಿ?"

"ದೊಡ್ಡವ್ವ, ಆ ಕೈ ಈಗ ನಿಂದಲ್ಲ. ನಮ್ಮೆಲ್ಲಾರ್ದು."

"ನನ್ನ ಕೈ ನಂದು ಯಾವಾಗ ಆಗಿತ್ತು, ಹೇಳು."

ಹಂಚು ಎತ್ತಿಕೊಂಡು ಬಂದು ನಾನೇ ತೊಳೆದೆ.

ಆರನೇ ವಾರದ ಕೊನೆಗೆ ತಜ್ಞರು ಮತ್ತೆ ನೋಡಿದರು. ಅಂಚಿನಲ್ಲಿ ಗೆರೆ ಇದೆ, ನಡುವೆ ಬೋಳು. ಇನ್ನು ಮೂರು ವಾರ ನಿಜವಾಗಿ ಸುಮ್ಮನಿದ್ದರೆ ತಾಳೆ ನೋಡಬಹುದು ಎಂದರು. ಮೂರು ವಾರ. ಕಂಪನಿಯ ಬೀರುವಿನ ಕೀಲಿ ಸಿಗಲು ಅದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಸಿದ್ಧಾರ್ಥ್ ಅರ್ಜಿ ಬರೆಯಲು ಕೂತರು. ಕಾರಣ ಏನು ಬರೆಯುವುದು ಎಂದು ಕೇಳಿದರು. ನಾನು ನಡೆದದ್ದು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಇದನ್ನ ಬರೆದ್ರೆ ಕೇಸು ಮುಗೀತು ಅಕ್ಕ," ಅಂದರು. ಕೋರ್ಟಿಗೆ ಕಾಯಿಲೆ ಅರ್ಥವಾಗುತ್ತದೆ, ಸಾವು ಅರ್ಥವಾಗುತ್ತದೆ. ಪಾತ್ರೆ ತೊಳೆದದ್ದು ಅರ್ಥವಾಗುವುದಿಲ್ಲ. ಅವಳಿಗೆ ಕಾಮಾಲೆ ಆಗಿತ್ತು, ಊರಿಗೆ ಹೋಗಿದ್ದಳು, ಎಣ್ಣೆಯ ಉಪಚಾರ ನಿಂತು ಹೋಯಿತು ಎಂದು ಬರೆಯೋಣ, ಸರ್ಟಿಫಿಕೇಟ್ ಕೊಡುವ ಡಾಕ್ಟರು ಗೊತ್ತು ಎಂದರು. ಅವರಿಗೂ ಅದನ್ನು ಹೇಳುವಾಗ ನಮ್ಮ ಮುಖ ನೋಡಲು ಆಗಲಿಲ್ಲ. ನಾನು ಹೂಂ ಎಂದೆ. ನನ್ನದೇ ಕೈಯಾಗಿದ್ದರೆ ಕಾಮಾಲೆ ಯಾಕೆ, ಕುಷ್ಠ ಎಂದು ಬೇಕಾದರೂ ಬರೆಸುತ್ತಿದ್ದೆ.

ಮುದುಕವ್ವ ಒಪ್ಪಲಿಲ್ಲ.

"ನಾ ದುಡದದ್ದ ಸುಳ್ಳು ಅಂತಾರ ಅವ್ರು," ಅಂದಳು. "ನಾನೂ ಒಂದು ಸುಳ್ಳ ಬರಸಿದ್ರ, ಅವ್ರ ಮಾತು ಖರೇ ಆಗತೈತಿ. ಭಾಂಡೆ ತಿಕ್ಕೀನಿ ಅಂತ ಬರೀರಿ. ಅದೇನ್ ಕಳವು ಅಲ್ಲ."

ನಾವು ಇಬ್ಬರೂ ಒಂದು ಗಂಟೆ ಹೇಳಿದೆವು. ಅವಳು ಜಗ್ಗಲಿಲ್ಲ. ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಈಗಲೂ ಪೂರ್ತಿ ಹೋಗಿಲ್ಲ. ಸತ್ಯ ಹೇಳುವುದು ಹೊಟ್ಟೆ ತುಂಬಿದವರ ಚಟ ಎಂದು ಅಂದುಬಿಟ್ಟೆ. ಅವಳು ಬೆಳಿಗ್ಗೆಯಿಂದ ಚಾ ಕುಡಿದಿದ್ದಳು ಅಷ್ಟೇ.

ವಾಯಿದೆಯ ದಿನ ಬಸ್ಸಿನಲ್ಲಿ ಹೋದೆವು. ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ, ಹಿಂದಿನ ಬೆಂಚಿನಲ್ಲಿ ಕೂತೆವು. ಕಂಪನಿಯ ಕಡೆಯಿಂದ ವಕೀಲರು, ಅವರ ಜೊತೆ ಇಬ್ಬರು ಆಫೀಸರು. ಅದರಲ್ಲಿ ಒಬ್ಬರನ್ನು ನಾನು ಬಲ್ಲೆ. ಮುದುಕವ್ವ ಇನ್ನೂ ಚೆನ್ನಾಗಿ ಬಲ್ಲಳು. ಅವರ ಚೇಂಬರಿನ ಪಕ್ಕದ ಕಕ್ಕಸನ್ನು ಒಂಬತ್ತು ವರ್ಷ ಅವಳೇ ತೊಳೆದಿದ್ದಳು. ಅವಳು ಎದ್ದು ನಮಸ್ಕಾರ ಮಾಡಿದಳು. ಅವರು ಫೋನು ನೋಡಿಕೊಂಡರು.

ನಮ್ಮ ಹೆಸರು ಕೂಗಿದರು. ಸಿದ್ಧಾರ್ಥ್ ಇಂಗ್ಲಿಷಿನಲ್ಲಿ ಮಾತಾಡಿದರು. ಕಂಪನಿಯ ವಕೀಲರು ಎದ್ದು ಏನೋ ಅಂದರು, ಕೋಣೆಯಲ್ಲಿ ಇದ್ದವರೆಲ್ಲ ನಕ್ಕರು. ಏನಂದರು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಇವತ್ತು ಬೆರಳು ಬೆಳೆಯಲಿ ಎಂದು ಟೈಮು ಕೇಳುತ್ತಾರೆ, ನಾಳೆ ಹಲ್ಲು ಬೆಳೆಯಲಿ ಎಂದು ಕೇಳುತ್ತಾರೆ ಎಂದಿದ್ದರಂತೆ. ಮುದುಕವ್ವ ಎಲ್ಲರೂ ನಕ್ಕರಲ್ಲ ಎಂದು ತಾನೂ ಸ್ವಲ್ಪ ನಕ್ಕಳು.

ಸಾಹೇಬರು ಕೆಟ್ಟವರಲ್ಲ. ಅವಳನ್ನು ಮುಂದೆ ಕರೆದು ಕನ್ನಡದಲ್ಲೇ ಕೇಳಿದರು.

"ಕೈಗೆ ಕೆಲಸ ಕೊಡಬೇಡಿ ಅಂತ ಹೇಳಿ ಆರು ವಾರ ಕೊಟ್ಟಿದ್ದೆ. ಏನ್ ಮಾಡಿದ್ರಿ ಅಮ್ಮ?"

"ಭಾಂಡೆ ತಿಕ್ಕಿದ್ನಿರೀ ಸಾಹೇಬ್ರ."

"ಯಾಕೆ?"

"ಏಳು ಮಂದಿ ರಜಾ ಬಿಟ್ಟು ನನ್ನ ಕೆಲಸ ಮಾಡಿದ್ರು. ಮುಯ್ಯಿ ತೀರಸಬೇಕಲ್ರಿ."

ಸಾಹೇಬರು ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಏನೋ ಕೇಳಬೇಕು ಎಂದುಕೊಂಡವರ ಹಾಗೆ ಕಂಡರು. ಆಮೇಲೆ ಗೋಡೆಯ ಗಡಿಯಾರ ನೋಡಿ, ಟೈಪು ಮಾಡುವವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಸಿದ್ಧಾರ್ಥ್ ಮಧ್ಯೆ ಎರಡು ಸಲ ಬಾಯಿ ತೆಗೆದರು. ಸಾಹೇಬರು ಕೈಸನ್ನೆಯಲ್ಲೇ ಕೂರಿಸಿದರು.

ಆದೇಶ ಇಷ್ಟು. ಹೆಚ್ಚಿನ ಸಮಯ ಇಲ್ಲ. ಅರ್ಜಿದಾರಳು ಸ್ವಂತ ನಿರ್ಲಕ್ಷ್ಯದಿಂದ ಅವಕಾಶ ಕಳೆದುಕೊಂಡಿದ್ದಾಳೆ. ರಿಜಿಸ್ಟರಿನಲ್ಲಿರುವವಳು ತಾನೇ ಎಂದು ಸಾಬೀತು ಮಾಡಿಲ್ಲ. ಅರ್ಜಿ ವಜಾ.

ನಿರ್ಲಕ್ಷ್ಯ. ಆ ಪದವನ್ನು ಸಿದ್ಧಾರ್ಥ್ ಕನ್ನಡದಲ್ಲಿ ಹೇಳಿದಾಗ ನಾನು ಇನ್ನೊಮ್ಮೆ ಹೇಳಿಸಿದೆ. ಕೆಲಸ ಬಿಟ್ಟು ಕೂರಲು ಬಾರದವಳಿಗೆ ಸರ್ಕಾರ ಕೊಟ್ಟ ಹೆಸರು ಅದು. ಮೇಲೆ ಹೈಕೋರ್ಟಿದೆ, ನೋಡೋಣ ಎಂದು ಸಿದ್ಧಾರ್ಥ್ ಹೇಳಿದರು. ಅವರ ದನಿಯಲ್ಲಿ ಏನೂ ಇರಲಿಲ್ಲ.

ಆದೇಶದ ಪ್ರತಿ ತೆಗೆದುಕೊಳ್ಳಲು ಮತ್ತೊಂದು ವಾರ ಬಿಟ್ಟು ಹೋದೆವು. ಕಚೇರಿಯಲ್ಲಿ ಗುಮಾಸ್ತರು ದಪ್ಪ ಪುಸ್ತಕ ತೆರೆದು, ಶಾಯಿಯ ಪ್ಯಾಡು ಮುಂದೆ ತಳ್ಳಿದರು. ಪ್ರತಿ ಮುಟ್ಟಿದ್ದಕ್ಕೆ ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದರು.

ಮುದುಕವ್ವ ಪ್ಯಾಡನ್ನು ನೋಡಿದಳು. ಬೆರಳನ್ನು ನೋಡಿಕೊಂಡಳು.

"ಇದು ನಂದ ಬಟ್ಟು ಅಂತ ನಿಮಗ ಹ್ಯಾಂಗ ಗೊತ್ತಾಗತೈತ್ರಿ?" ಎಂದು ಕೇಳಿದಳು.

ಗುಮಾಸ್ತರು ತಲೆ ಎತ್ತಿದರು. "ನೀವೇ ಎದುರಿಗೆ ನಿಂತಿದೀರಲ್ಲಮ್ಮ. ನಾನು ಕಣ್ಣಾರೆ ನೋಡ್ತಿದೀನಲ್ಲ. ಅಷ್ಟು ಸಾಕು, ಒತ್ತಿ."

"ಹದಿನೇಳು ವರ್ಷ ಅವರ ಎದುರಿಗೂ ನಿಂತಿದ್ನಿ. ಆಗ ಸಾಕಾಗಲಿಲ್ಲೇನ್ರಿ?"

ಹಿಂದೆ ನಿಂತಿದ್ದ ಒಬ್ಬ ವಕೀಲರು ಬೇಗ ಮುಗಿಸಿ ಎಂದರು. ಗುಮಾಸ್ತರು ಪ್ಯಾಡನ್ನು ಇನ್ನೂ ಹತ್ತಿರ ತಳ್ಳಿದರು.

"ನಾ ಒತ್ತಂಗಿಲ್ಲ," ಅಂದಳು ಮುದುಕವ್ವ. ಜೋರಾಗಿ ಹೇಳಲಿಲ್ಲ. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. "ನಾ ಹೌದೋ ಅಲ್ಲೋ ಅಂತ ಹೇಳಾಕ ಈ ಬಟ್ಟು ಬರಲಿಲ್ಲ. ನಿನ್ನ ಕೇಸ್ ಹೋತು ಅಂತ ಬರಕೊಳ್ಳಾಕ ಹ್ಯಾಂಗ ಬರತೈತಿ?"

ಒತ್ತದಿದ್ದರೆ ಆದೇಶವೇನು ಬದಲಾಗುವುದಿಲ್ಲ ಎಂದು ಗುಮಾಸ್ತರು ಹೇಳಿದರು. ಗೊತ್ತು ಎಂದಳು. ಪ್ರತಿಯೂ ಸಿಗುವುದಿಲ್ಲ ಎಂದರು. ಅದರಾಗ ಏನೈತಿ ಅಂತ ನನಗ ಗೊತ್ತೈತ್ರಿ ಎಂದಳು. ಅವರು ನನ್ನ ಕಡೆ ನೋಡಿದರು. ಎರಡು ತಿಂಗಳ ಹಿಂದಿನ ನಾನಾಗಿದ್ದರೆ ಅವಳ ಕೈ ಹಿಡಿದೆಳೆದು ಒತ್ತಿಸುತ್ತಿದ್ದೆ. ಈಗ ಸುಮ್ಮನೆ ನಿಂತೆ.

ಗುಮಾಸ್ತರು ಪೆನ್ನು ತೆಗೆದು ಪುಸ್ತಕದಲ್ಲಿ ಏನೋ ಬರೆದು ನಮ್ಮನ್ನು ಕಳಿಸಿದರು. ತಲೆಕೆಳಗಾಗಿದ್ದರೂ ನಾನು ಓದಿಕೊಂಡೆ.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಕೆ.ಆರ್. ಪುರ ದಾಟಿದ ಮೇಲೆ ಕೇಳಿದಳು.

"ಏನ್ ಬರದ್ರವಾ ಅವ್ರು?"

"ಮುದುಕವ್ವ, ಖುದ್ದು ಹಾಜರಿದ್ದು, ಹೆಬ್ಬೆಟ್ಟು ಒತ್ತಲು ನಿರಾಕರಿಸಿದ್ದಾರೆ."

"ಹಾಜರ್ ಅಂತ ಬರದಾರೇನು?"

"ಬರದಾರ."

"ಸರ್ಕಾರದ ಪುಸ್ತಕದಾಗ?"

"ಹೂಂ."

ಅವಳು ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಅಪಾರ್ಟ್‌ಮೆಂಟಿನ ಹಿಂಬದಿಯ ಗೇಟಿನಲ್ಲಿ ಅಂದು ರಜೆ ಇದ್ದ ಒಬ್ಬರನ್ನು ಬಿಟ್ಟು ಎಲ್ಲರೂ ಸೇರಿದೆವು. ಆ ವಾರದವರೆಗೂ ಅವಳ ಬದಲಿಗೆ ಹೋಗುತ್ತಿದ್ದೆವು, ಇನ್ನು ಯಾರೂ ಹೋಗುವ ಅಗತ್ಯ ಇರಲಿಲ್ಲ. ನೆಲಮಾಳಿಗೆಯ ನಲ್ಲಿಯಲ್ಲಿ ಮುದುಕವ್ವ ಬಕೆಟ್ಟಿಗೆ ಅರ್ಧ ನೀರು ಬಿಟ್ಟಳು, ಕ್ಯಾನಿನಿಂದ ಆಸಿಡ್ ಸುರಿದಳು, ಹೆಬ್ಬೆರಳಿನ ಬಟ್ಟೆ ಬಿಚ್ಚಿ ಅದನ್ನೇ ಒಳಗೆ ಅದ್ದಿದಳು. ಉಜ್ಜಲು ಒಳ್ಳೆಯ ಬಟ್ಟೆ, ಹಾಳು ಮಾಡುವುದು ಯಾಕೆ ಎಂದಳು.

ಮೊನ್ನೆ ಸಿದ್ಧಾರ್ಥ್ ಫೋನು ಮಾಡಿದ್ದರು. ಮುಂದಿನ ಕೇಸು ನಿಮ್ಮದು ಹಾಕೋಣ ಅಕ್ಕ, ನಿಮ್ಮ ಬೆರಳು ಹೇಗಿದೆ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದಿದ್ದೆ. ಮೆಟ್ಟಿಲ ಹತ್ತಿರ ಬಲ್ಬಿನ ಕೆಳಗೆ ನಿಂತು ಹೆಬ್ಬೆರಳು ನೋಡಿಕೊಂಡೆ. ಅಂಚಿನಲ್ಲಿ ಗೆರೆ ಇತ್ತು. ನಡುವೆ ಬೋಳಾಗತೊಡಗಿತ್ತು. ಕೇಸು ಹಾಕಿ, ಅವರ ಉತ್ತರ ಬಂದು, ಬೀರುವಿನ ಕೀಲಿ ಸಿಕ್ಕಿ, ನನ್ನ ಹೆಸರು ಕೂಗುವ ಹೊತ್ತಿಗೆ ಇದೂ ಇರುವುದಿಲ್ಲ.

ಬಕೆಟ್ಟು ಎತ್ತಿಕೊಂಡು ಎರಡನೇ ಮಹಡಿಗೆ ಹೋದೆ.